ಕೌದಿಯ ಹೊಟ್ಟೆ

ಕೊಪ್ಪಳದ ಆ ತರಬೇತಿಗೆ ನಾನು ಹೋಗಲೇಬಾರದಿತ್ತು. ಹೋದರೂ ಅವರು ಹಾಕಿದ ಊಟ ಮಾಡಿ, ಸುಮ್ಮನೆ ಹಿಟ್ನಾಳಿಗೆ ವಾಪಸು ಬಂದು ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದರೆ ಇವತ್ತು ಕರಿಯವ್ವನ ಮುಖ ನೋಡಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಆದರೆ ನನಗೆ ಮೊದಲಿನಿಂದಲೂ ಒಂದು ಕೆಟ್ಟ ಚಟ. ಬರದಿದ್ದನ್ನು ಬರುತ್ತದೆ ಅಂತ ನಾಲ್ಕು ಜನರ ಮುಂದೆ ಹೇಳಿಬಿಡುವುದು, ಆಮೇಲೆ ಅದನ್ನು ಮಾಡಿ ತೋರಿಸಲು ಒದ್ದಾಡುವುದು.

ಅದು 2019ರ ಬೇಸಿಗೆ. ‘ಕಂಪ್ಯೂಟರ್ ಬರದವರೂ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ವ್ಯಾಪಾರ ಮಾಡಿ’ ಎಂಬ ಚೀಟಿಯನ್ನು ನನ್ನ ಅಂಗಡಿಯ ಶಟರಿಗೆ ಯಾರೋ ಅಂಟಿಸಿ ಹೋಗಿದ್ದರು. ಹೆದ್ದಾರಿ ಪಕ್ಕದಲ್ಲಿ ಜಂಪರು ಹೊಲಿಯುವವಳು ನಾನು. ನನಗೆ ಫೋನಿನಲ್ಲಿ ಗೊತ್ತಿದ್ದದ್ದು ಎರಡೇ: ಹಸಿರು ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು. ಆದರೂ ಹೋದೆ. ಮೂರು ದಿನದ ತರಬೇತಿ. ಬೆಂಕಿಯಂಥ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ನಿಂತಿದ್ದ ಆ ತರಬೇತುದಾರ ಬೆವರು ಒರೆಸಿಕೊಳ್ಳುತ್ತಲೇ, “ವಸ್ತು ಮಾರಬೇಡಿ ಮೇಡಂ, ಕಥೆ ಮಾರಿ. ನಿಮ್ಮ ವಸ್ತುವಿನ ಹಿಂದಿನ ಕಥೆ ಪೂರ್ತಿ ಹೇಳಿ, ಜನ ಹುಡುಕಿಕೊಂಡು ಬರ್ತಾರೆ” ಅಂದ. ನಾನು ವಹಿಯಲ್ಲಿ ಬರೆದುಕೊಂಡೆ. ಹುಟ್ಟಿದಾಗಿನಿಂದ ನನ್ನನ್ನು ಮೇಡಂ ಅಂದವನು ಅವನೊಬ್ಬನೇ, ಅದಕ್ಕೇ ಬರೆದುಕೊಂಡೆನೋ ಏನೋ.

ಅಂಗಡಿ ತೆರೆಯುವುದೇ ಒಂದು ರಾಮಾಯಣವಾಯಿತು. ನಿಜವಾದ ಅಂಗಡಿಯಾದರೆ ಶಟರು ಎತ್ತಿದರೆ ಮುಗಿಯಿತು. ಈ ಅಂಗಡಿಗೆ ಇಮೇಲ್ ಬೇಕು, ಪಾಸ್‌ವರ್ಡ್ ಬೇಕು, ಅದರಲ್ಲಿ ಒಂದು ದೊಡ್ಡ ಅಕ್ಷರ, ಒಂದು ಅಂಕಿ ಬೇಕು. ಮರೆತುಹೋಗಬಾರದೆಂದು ಪಾಸ್‌ವರ್ಡನ್ನು ಅಂಗಡಿಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದೆ. ಜಂಪರು ಕೊಡಲು ಬಂದವರೆಲ್ಲ ಅದನ್ನು ಓದಿ ಯಾವ ದೇವರ ಮಂತ್ರ ಅಂತ ಕೇಳಿದರು. ನನ್ನ ಆಧಾರಿಗೆ ಜೋಡಿಸಿದ್ದು ನಮ್ಮ ಮನೆಯವರ ನಂಬರು, ಹಾಗಾಗಿ ಓಟಿಪಿ ಹೋಗುತ್ತಿದ್ದದ್ದು ಅವರ ಫೋನಿಗೆ. ಅವರು ನವಲಿಯ ಕಡೆ ಭತ್ತ ಕೊಯ್ಯುವ ಮಷಿನ್ನಿನ ಮೇಲಿರುತ್ತಿದ್ದರು. ನಾನು ಇಲ್ಲಿಂದ “ನಂಬರ್ ಹೇಳ್ರಿ, ಲಗೂನ ಹೇಳ್ರಿ” ಅಂತ ಕಿರುಚುವುದು, ಅವರು ಅಲ್ಲಿಂದ “ನಿನ್ನ ನಂಬರಿಗೆ ಬೆಂಕಿ ಹಚ್ಚಲಿ, ಮಷಿನ್ ಕೆಸರಾಗ ಸಿಕ್ಕೊಂಡೈತಿ” ಅಂತ ಕಿರುಚುವುದು, ಅಷ್ಟರಲ್ಲಿ ಹೊತ್ತು ಮೀರುವುದು. ಹನ್ನೊಂದು ದಿನಕ್ಕೆ ಅಂಗಡಿ ತೆರೆಯಿತು. ತೆರೆದ ಮೇಲೆ ಮಾರಲು ನನ್ನ ಹತ್ತಿರ ಏನೂ ಇಲ್ಲ ಅನ್ನುವುದು ಆಗ ಹೊಳೆಯಿತು.

ಆಗ ನೆನಪಾದವಳು ಕರಿಯವ್ವ. ನನ್ನ ಅಂಗಡಿಯಿಂದ ಮೂರನೇ ಮನೆ. ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆ ಇಟ್ಟು ಅವಳು ಹೊಲಿದ ಕೌದಿ ಒಂದು ಕಾಲದಲ್ಲಿ ಈ ಭಾಗದ ಎಷ್ಟೋ ಮನೆಗಳಲ್ಲಿತ್ತು. ಸಂತೆಗೆ ಅಗ್ಗದ ರಗ್ಗು ಬಂದವು, ಕೌದಿ ಕೇಳುವವರು ನಿಂತರು. ಕರಿಯವ್ವ ಭಾಗ್ಯನಗರದ ಕಡೆ ಒಂದು ಕೂದಲ ಶೆಡ್ಡಿಗೆ ಕೂಲಿಗೆ ಹೋಗತೊಡಗಿದಳು. ಊರೂರಿನ ಹೆಂಗಸರ ಬಾಚಣಿಗೆಯಲ್ಲಿ ಉದುರಿದ ಕೂದಲು ಅಲ್ಲಿಗೆ ಮೂಟೆಮೂಟೆ ಬಂದು ಬೀಳುತ್ತದೆ. ಹೆಂಗಸರು ಸಾಲಾಗಿ ಕೂತು ಸೂಜಿಯಿಂದ ಅದರ ಸಿಕ್ಕು ಬಿಡಿಸಬೇಕು. ಆ ಧೂಳಿಗೆ ಕರಿಯವ್ವನಿಗೆ ಕೆಮ್ಮು ಹತ್ತಿತ್ತು. ಅವಳು ಸಂಜೆ ಬಂದಳು ಅನ್ನುವುದು ನಮ್ಮ ಓಣಿಗೆ ಕೆಮ್ಮಿನಿಂದಲೇ ತಿಳಿಯುತ್ತಿತ್ತು.

“ಆ ಕೂದಲದ ಕೆಲಸ ಬಿಡಬೇ ಕರಿಯವ್ವ. ನೀ ಕೌದಿ ಹೊಲಿ, ನಾ ಮಾರ್ತೀನಿ” ಅಂದೆ.

“ಯಾರು ತಗೋತಾರ ಶೈಲವ್ವ? ಎಲ್ಲಾರ ಮನ್ಯಾಗೂ ರಗ್ಗು ಬಂದಾವಲ್ಲ.”

“ಊರಾಗಲ್ಲಬೇ, ಇಂಟರ್ನೆಟ್ಟಿನ್ಯಾಗ.”

“ಅದೆಲ್ಲಿ ಬರತೈತಿ? ಗಂಗಾವತಿ ದಾಟಿಂದೇನ?”

ನಾನು ಬಿದ್ದು ಬಿದ್ದು ನಕ್ಕೆ. ಹನ್ನೊಂದು ದಿನದ ಹಿಂದೆ ನನಗೂ ಅಷ್ಟೇ ಗೊತ್ತಿತ್ತು ಅನ್ನುವುದನ್ನು ಮರೆತು ನಕ್ಕೆ. ಕರಿಯವ್ವ ನಗಲಿಲ್ಲ.

“ಬಿಟ್ಟ ಜಾಗ ಮತ್ತ ಸಿಗಂಗಿಲ್ಲವ್ವ” ಅಂದಳು. “ಕಿಡಕಿ ಬಾಜೂಕ ಕುಂದ್ರಾಕ ನಾ ಆರು ವರ್ಷ ಕಾದೀನಿ. ಅಲ್ಲೆ ಒಂದೀಟು ಗಾಳಿ ಬರತೈತಿ. ಒಂದು ವಾರ ಹೋಗಲಿಲ್ಲಂದ್ರ ಮತ್ತೊಬ್ಬಾಕಿ ಬಂದು ಕುಂದರ್ತಾಳ.”

“ಕುಂದರವಲ್ಲಳ್ಯಾಕ! ನೀ ಮತ್ತ ಅಲ್ಲಿ ಹೊಳ್ಳಿ ಹೋಗಾಂಗ ಇದ್ರಲ್ಲ? ನಾ ಅದೀನಿ.”

ನಾ ಅದೀನಿ. ನನ್ನ ನಾಲಿಗೆ ಸೇದಿಹೋಗಲಿ. ಅಷ್ಟು ದೊಡ್ಡ ಮಾತು ಎಷ್ಟು ಸಲೀಸಾಗಿ ಬಂತು ನೋಡಿ. ಮರುದಿನದಿಂದ ಕರಿಯವ್ವ ಶೆಡ್ಡಿಗೆ ಹೋಗಲಿಲ್ಲ.

ಅವಳ ಮನೆ ಮುಂದಿನ ಬೇವಿನ ಮರಕ್ಕೆ ಕೌದಿ ತೂಗುಹಾಕಿ ಫೋಟೊ ತೆಗೆದೆ. ಮೊದಲಿನ ಹತ್ತು ಫೋಟೊದಲ್ಲಿ ನನ್ನ ಹೆಬ್ಬೆರಳೇ ಬಂದಿತ್ತು. ಆಮೇಲೆ ಕಥೆ ಬರೆದೆ. ಕರಿಯವ್ವ ಯಾರು, ಅವಳಿಗೆ ಇದನ್ನು ಕಲಿಸಿದವರು ಯಾರು, ಒಂದು ಕೌದಿಗೆ ಎಷ್ಟು ಸೀರೆ, ಎಷ್ಟು ದಿನ, ತೇಪೆಯ ಚೌಕ ಯಾಕೆ, ಸುತ್ತಲಿನ ಅಂಚು ಯಾಕೆ ಎಂದು ಎಲ್ಲ ಬರೆದೆ. ಯಲಬುರ್ಗಾದಲ್ಲಿ ಇಂಗ್ಲಿಷ್ ಕಲಿಸುವ ನನ್ನ ತಂಗಿ ಅಂಜಲಿ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟಳು. ಒಂದನ್ನು ಮಾತ್ರ ಬರೆಯಲಿಲ್ಲ. ಮುಚ್ಚಿಟ್ಟೆ ಅಂತಲ್ಲ. ಹೊತ್ತಿಸಿದ ಒಲೆ ಬಿಸಿಯಿರುತ್ತದೆ ಅಂತ ಯಾರಾದರೂ ಬರೆಯುತ್ತಾರೆಯೇ? ಹಾಗೆ ಅದು ನೆನಪಿಗೇ ಬರಲಿಲ್ಲ.

ನಮ್ಮ ಕಡೆ ಕೌದಿಯನ್ನು ಹೊಟ್ಟೆ ತುಂಬಿಸದೆ ಮುಗಿಸುವುದಿಲ್ಲ. ನಾಲ್ಕನೇ ಮೂಲೆಯಲ್ಲಿ ಮೂರು ಬೆರಳಿನಷ್ಟು ಬಾಯಿ ಬಿಟ್ಟು, ಅದರಲ್ಲಿ ಒಂದು ಚೂರು ಜೋಳದ ರೊಟ್ಟಿ ಇಟ್ಟು, ಕೈಮುಗಿದು, ಆಮೇಲೆ ಹೊಲಿಗೆ ಹಾಕುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ ಅಂತ ಕರಿಯವ್ವ ಹೇಳುತ್ತಿದ್ದಳು. ನಮ್ಮ ಒಣ ಹವೆಗೆ ಆ ಚೂರು ಎಂಟು ದಿನದಲ್ಲಿ ಪುಡಿಯಾಗಿ ಬಟ್ಟೆಯೊಳಗೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಅಂಥ ಕೌದಿ ಹೊದ್ದೇ ನಾನು ದೊಡ್ಡವಳಾದೆ.

ಎರಡು ತಿಂಗಳಲ್ಲಿ ನಾಲ್ಕು ಕೌದಿ ಹೋದವು. ಬೆಂಗಳೂರಿನ ಒಬ್ಬ ಹೆಣ್ಣುಮಗಳು ಐದು ನಕ್ಷತ್ರ ಕೊಟ್ಟು, ‘ನಮ್ಮಜ್ಜಿ ನೆನಪಾದರು’ ಅಂತ ಬರೆದಳು. ಅದನ್ನು ಓದಿ ಹೇಳಿದರೆ ಕರಿಯವ್ವ, “ಆಕಿ ಅಜ್ಜಿ ಯಾವೂರಾಕ್ಯಂತ?” ಅಂತ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಮ್ಮು ಕಡಿಮೆಯಾಗಿತ್ತು. ನಾನು ಓಣಿಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದೆ.

ಐದನೇ ಆರ್ಡರು ಮುಂಬೈಯಿಂದ ಬಂತು. ಆಗತಾನೇ ಹುಟ್ಟಿದ ಮೊಮ್ಮಗಳಿಗೆ ಒಂದು ಸಣ್ಣ ಕೌದಿ ಬೇಕು, ಛಲೋ ಇದ್ದರೆ ತಮ್ಮ ಅಂಗಡಿಗೆ ಅಂಥವೇ ನಲವತ್ತು ಬೇಕಾಗುತ್ತವೆ ಅಂತ ಒಬ್ಬ ಅಜ್ಜಿ ಬರೆದಿದ್ದಳು. ನಲವತ್ತು ಅಂದರೆ ಕರಿಯವ್ವನಿಗೆ ಒಂದು ವರ್ಷದ ಕೆಲಸ. ನಲವತ್ತರ ಮಾತು ಕರಿಯವ್ವನ ಕಿವಿಗೆ ಬೀಳಲೇ ಇಲ್ಲ.

“ಕೂಸಿಗೇನ?” ಅಂದಳು. “ಹೆಣ್ಣುಕೂಸೇನ?”

ಪೆಟ್ಟಿಗೆಯ ತಳದಿಂದ ತಾನು ಬಾಣಂತಿಯಿದ್ದಾಗ ಉಟ್ಟ ಸೀರೆಗಳನ್ನು ತೆಗೆದಳು, ಒಗೆದೊಗೆದು ಅವು ಹತ್ತಿಯಂತೆ ಮೆತ್ತಗಾಗಿದ್ದವು. ಅವುಗಳಿಂದ ಒಂಬತ್ತು ದಿನ ಕೂತು ಹೊಲಿದಳು. ಮುಗಿಸುವ ದಿನ ನನ್ನನ್ನು ಕರೆದಳು. ಹೋಗಿ ನೋಡಿದರೆ ಮನೆಯಲ್ಲಿ ಬೆಲ್ಲ ಬೇಳೆಯ ಘಮ. ಒಲೆಯ ಮೇಲೆ ಹೋಳಿಗೆ.

“ಇವತ್ಯಾವ ಹಬ್ಬನಬೇ?”

“ಕೂಸಿನ ಕೌದಿಗೆ ಒಣಾ ರೊಟ್ಟಿ ಇಡ್ತಾರೇನ ಯಾರರ? ಮೊದಲನೇ ಹೊದಿಕಿ. ಸಿಹಿ ಉಣಲಿ.”

ಬೆಲ್ಲ ಒಸರುವ ಒಂದು ತುಂಡು ಹೋಳಿಗೆಯನ್ನು ಆ ಮೂಲೆಯಲ್ಲಿಟ್ಟು ಕೈಮುಗಿದು ಹೊಲಿದಳು. ನಾನು ಅಲ್ಲೇ ಇದ್ದೆ. ನೋಡಿದೆ. ನೋಡಿ, “ನಿನ್ನಂಥಾಕಿ ಇನ್ನೊಬ್ಬಾಕಿ ಇಲ್ಲ ಬಿಡಬೇ” ಅಂದೆ. ಉಳಿದ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದೆ. ಮನೆಗೆ ಬಂದು ಕೌದಿಯನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಚ್ಚಿ ಕೊರಿಯರಿನ ರಾಜಾಸಾಬನ ಕೈಗೆ ಕೊಟ್ಟೆ.

ಆ ಆಗಸ್ಟಿನ ಮಳೆ ನೆನಪಿರಬೇಕು ನಿಮಗೆ. ದಾರಿಗಳೇ ಮುಳುಗಿದ್ದವು. ಪಾರ್ಸೆಲು ಎಲ್ಲೋ ಒಂದು ಗೋದಾಮಿನ ತೇವದಲ್ಲಿ ಬಿದ್ದಿದ್ದು ಹದಿನಾರನೇ ದಿನ ಮುಂಬೈ ಮುಟ್ಟಿತು.

ಮಾರನೆಯ ದಿನ ಫೋನು ಟಿಣ್ ಅಂತು. ಐದು ನಕ್ಷತ್ರದ ಆಸೆಯಿಂದ ತೆಗೆದೆ. ಒಂದೇ ನಕ್ಷತ್ರ, ಕೆಳಗೆ ಮೂರು ಫೋಟೊ. ಮೊದಲನೆಯದರಲ್ಲಿ ಕತ್ತರಿಸಿದ ಮೂಲೆಯೊಳಗೆ ಹಸಿರು ಬೂಷ್ಟು ಹಿಡಿದ ಉಂಡೆ. ಎರಡನೆಯದರಲ್ಲಿ ಕೆಂಪಿರುವೆ, ಕೌದಿ ತುಂಬಾ. ಮೂರನೆಯದು ಕೂಸಿನ ತೋಳು. ಆ ತೋಳಿನ ಮೇಲೆ ಕೆಂಪು ಗುಳ್ಳೆಗಳು. ಅಂಜಲಿಗೆ ಫೋನು ಮಾಡಿ ಓದಿಸಿದೆ. ‘ಈ ಹೆಂಗಸರು ಕೊಳೆತ ತಿನಿಸು ಬಚ್ಚಿಟ್ಟು ಕಳಿಸುತ್ತಾರೆ, ಇದೇನು ಮಾಟವೋ ಗಲೀಜೋ ಗೊತ್ತಿಲ್ಲ, ಯಾರೂ ಕೊಳ್ಳಬೇಡಿ’ ಅಂತ ಬರೆದಿದ್ದಾಳೆ ಅಂದಳು.

ಸಿಟ್ಟು ಬಂತು. ಮಾಟವಂತೆ! ಆದರೆ ಆ ತೋಳು ನೋಡಿದರೆ ಸಿಟ್ಟು ಇಳಿದುಹೋಗುತ್ತಿತ್ತು. ನನ್ನ ಮೊಮ್ಮಗಳಾಗಿದ್ದರೆ ನಾನು ಅದಕ್ಕಿಂತ ಕೆಟ್ಟದಾಗಿ ಬರೆಯುತ್ತಿದ್ದೆ. ಕ್ಷಮೆ ಕೇಳಿ, ಹಣ ವಾಪಸು ಮಾಡಿ, ಕೌದಿ ಹಸಿದಿರಬಾರದೆಂದು ನಮ್ಮಲ್ಲಿ ಹೀಗೆ ಮಾಡುತ್ತಾರೆ ಅಂತ ಉತ್ತರ ಬರೆಸಿದೆ. ಅದರ ಕೆಳಗೆ ಗುರುತಿಲ್ಲದ ಜನ ನಗುವ ಮುಖಗಳನ್ನು ಸಾಲಾಗಿ ಹಾಕಿ ಹೋದರು. ಮೂರನೇ ದಿನ ನಿಮ್ಮ ಅಂಗಡಿ ಮುಚ್ಚಲಾಗಿದೆ ಎಂದು ಇಂಟರ್ನೆಟ್ಟಿನ ಆ ಕಂಪನಿಯಿಂದ ಸಂದೇಶ ಬಂತು. ಸಹಾಯದ ನಂಬರಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂದಿತೇ ಹೊರತು ಮನುಷ್ಯರ ದನಿ ಬರಲಿಲ್ಲ. ತರಬೇತುದಾರನಿಗೆ ಮಾಡಿದೆ. “ಬೇರೆ ಹೆಸರಲ್ಲಿ ಹೊಸದು ತೆಗೀರಿ ಮೇಡಂ” ಅಂದು ಇಟ್ಟ. ಅದೂ ಆಗಲಿಲ್ಲ, ನನ್ನ ಆಧಾರು, ನಮ್ಮ ಮನೆಯವರ ನಂಬರು ಎಲ್ಲ ಆ ಕಂಪನಿಗೆ ಗುರುತಿತ್ತು. ಕತ್ತೆಯಂತೆ ಒಂದು ವಾರ ಅದರ ಹಿಂದೆ ಒದ್ದಾಡಿ ಸುಮ್ಮನಾದೆ.

ಕರಿಯವ್ವನಿಗೆ ಏನು ಹೇಳಲಿ? ನಿನ್ನ ಹೋಳಿಗೆಯಿಂದ ಕೂಸಿಗೆ ಹೀಗಾಯಿತು ಅಂತ ಹೇಳಲು ಬಾಯಿ ಬರಲಿಲ್ಲ. “ಮಳಿಗಾಲಬೇ, ಈಗ ವ್ಯಾಪಾರ ಕಡಿಮಿ. ದೀಪಾವಳಿಗೆ ನೋಡೋಣು” ಅಂದೆ. ಅವಳು ನಂಬಿದಳು. ಕೂತು ಇನ್ನೆರಡು ಕೌದಿ ಹೊಲಿದು ಮಡಚಿಟ್ಟಳು. ದಿನಾ ಒಂದು ಸಲ ಬಾಗಿಲಿಗೆ ಬಂದು, “ಬಂತೇನವ್ವ?” ಅನ್ನುವಳು. ನಾನು ಮಷಿನ್ನು ಜೋರಾಗಿ ತುಳಿಯುತ್ತಾ ಇಲ್ಲವೆಂದು ತಲೆಯಾಡಿಸುವೆ.

ದೀಪಾವಳಿಗೆ ಮುಂಚೆಯೇ ಅವಳು ಶೆಡ್ಡಿಗೆ ಹೊರಟಳು. ನನಗೆ ಹೇಳಲಿಲ್ಲ. ಒಂದು ಸಂಜೆ ಓಣಿಯ ತುದಿಯಲ್ಲಿ ಕೆಮ್ಮು ಕೇಳಿಸಿತು, ಗೊತ್ತಾಯಿತು. ಕಿಟಕಿಯ ಜಾಗ ಹೋಗಿತ್ತು. ಮೂಟೆ ಕೊಡವುವ ಬಾಗಿಲ ಹತ್ತಿರ ಕೂಡಿಸಿದ್ದರು, ಹೊಸದಾಗಿ ಬಂದವರನ್ನು ಕೂಡಿಸುವ ಜಾಗದಲ್ಲಿ. ಎಂಟು ದಿನಕ್ಕೆ ಅವಳ ದನಿಯೇ ಬೇರೆಯಾಯಿತು.

ನವೆಂಬರಿನ ಒಂದು ಬೆಳಿಗ್ಗೆ ಕರಿಯವ್ವ ಬುತ್ತಿಗಂಟು ಹಿಡಿದು ಶೆಡ್ಡಿಗೆ ಹೋಗುವ ಟಂಟಂ ಆಟೊ ಕಾಯುತ್ತಾ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಅದೇ ಹೊತ್ತಿಗೆ ಬರಬೇಕೇ ರಾಜಾಸಾಬ?

“ಅಕ್ಕಾರ, ನಿಮ್ಮ ಮಾಲು ವಾಪಸ್ ಬಂದೈತ್ರಿ ನೋಡ್ರಿ, ಮುಂಬೈದು” ಅಂತ ಕೂಗಿ ಕಟ್ಟೆಯ ಮೇಲೆ ಇಟ್ಟು ಹೋದ. ನಾನು ಎದ್ದು ಓಡಿದೆ. ಪ್ಲಾಸ್ಟಿಕ್ಕು ಹರಿದಿತ್ತು. ತನ್ನ ಹೊಲಿಗೆಯನ್ನು ಯಾರಾದರೂ ತೋರಿಸಿಕೊಡಬೇಕೇ ಅವಳಿಗೆ? ನಾನು ಮುಟ್ಟುವಷ್ಟರಲ್ಲಿ ತೊಡೆಯ ಮೇಲೆ ಬಿಡಿಸಿ ಹಾಸಿಕೊಂಡಿದ್ದಳು. ಕತ್ತರಿ ಹಾಕಿದ ಮೂಲೆಯ ಮೇಲೆ ಅವಳ ಬೆರಳು ನಿಂತಿತು. ಕಪ್ಪಾದ ಕಲೆ ಮುಟ್ಟಿದಳು. ಸೀರೆಯ ಪದರಿನಲ್ಲಿ ಒಣಗಿ ಅಂಟಿಕೊಂಡಿದ್ದ ಇರುವೆಗಳನ್ನು ನೋಡಿದಳು. ನಾನು ಮೂರು ತಿಂಗಳು ಮುಚ್ಚಿಟ್ಟದ್ದನ್ನು ಅವಳು ಅಷ್ಟರಲ್ಲಿ ಓದಿಬಿಟ್ಟಳು.

“ಕೂಸಿಗೆ ಕಡದ್ವೇನ ಶೈಲವ್ವ?”

ಈಗಲೂ ಸುಳ್ಳು ಹೇಳಬಹುದಿತ್ತು. ನನ್ನಿಂದ ಆಗಲಿಲ್ಲ. “ತೋಳಿಗೆ ಒಂದೀಟು” ಅಂದೆ.

“ಭಾಳ ಅತ್ತಿರಬೇಕು” ಅಂದಳು. ಆ ಕಲೆಯನ್ನು ಉಗುರಿನಿಂದ ಕೆರೆಯುತ್ತಾ, “ಈಗ ಆರಾಮ ಐತೇನ ಅದು?”

“ಆರಾಮ ಐತಬೇ” ಅಂದೆ. ನನಗೇನು ಗೊತ್ತು? ಯಾರು ಹೇಳಿದ್ದರು ನನಗೆ?

ಅಂಗಡಿಯೊಳಗೆ ಬಂದು ನನ್ನ ಸೂಜಿ ದಾರ ತಾನೇ ತೆಗೆದುಕೊಂಡಳು. ಕಟ್ಟೆಯ ಮೇಲೆ ಕೂತು ಇರುವೆಗಳನ್ನು ಒಂದೊಂದಾಗಿ ಕೊಡವಿದಳು. ಅಭ್ಯಾಸದಂತೆ ಅವಳ ಕೈ ಬುತ್ತಿಗಂಟು ಬಿಚ್ಚಿತು. ಎರಡು ರೊಟ್ಟಿಯಿದ್ದವು. ಒಂದರ ಅಂಚು ಮುರಿದು ಮೂಲೆಯ ಬಾಯಿಗೆ ತಂದು ತಡೆದಳು. ಆ ಚೂರನ್ನು ತಿರುಗಿಸಿ ನೋಡಿದಳು, ಆಮೇಲೆ ವಾಪಸು ಗಂಟಿನೊಳಗೆ ಇಟ್ಟು ಕಟ್ಟಿದಳು.

ಖಾಲಿ ಮೂಲೆಯನ್ನು ಹೊಲಿದಳು. ಕೈಮುಗಿಯಲಿಲ್ಲ. ದಾರ ಹಲ್ಲಿನಿಂದ ಕಡಿದು ಕೌದಿ ಮಡಚಿ ನನ್ನ ಕೈಗಿಟ್ಟಳು.

“ತಪ್ಪು ನಂದಬೇ, ನಾ ನಿನಗ ಹೇಳಬೇಕಿತ್ತು” ಅಂದೆ.

“ಹೊಟ್ಟಿ ತುಂಬಸೋದು ತಪ್ಪಾಕ್ಕೈತಂತ ನಿನಗರ ಹೆಂಗ ತಿಳೀಬೇಕವ್ವ” ಅಂದಳು. ಟಂಟಂ ಬಂತು. ಕೆಮ್ಮುತ್ತಾ ಹತ್ತಿ ಕೂತಳು. ಅವಳ ಮನೆಯಲ್ಲಿ ಹೊಲಿದು ಮಡಚಿಟ್ಟಿದ್ದ ಆ ಎರಡು ಕೌದಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಸಣ್ಣ ಕೌದಿ ನನ್ನ ಹತ್ತಿರವೇ ಇದೆ. ಕರಿಯವ್ವ ಮತ್ತೆ ಕೌದಿ ಹೊಲಿಯಲಿಲ್ಲ. ಅವಳ ಕೈಯಿಂದ ಹಸಿದು ಬಂದದ್ದು ಇದೊಂದೇ, ಇದನ್ನು ಯಾರಿಗೂ ಹೊದಿಸಲು ನನಗೆ ಮನಸ್ಸಾಗುವುದಿಲ್ಲ.