ಆರು ಗಂಟೆಯ ತೈಲಪೇಟೆ

ಐದನೇ ಲಾಟು ಕೊಳ್ಳುವಷ್ಟರಲ್ಲಿ ಕಚ್ಚಾ ತೈಲದ ಬೆಲೆ ಚಂಗನೆ ಮೇಲಕ್ಕೆ ಹಾರಿತು. ಅವಳು ಮೌಸಿನಿಂದ ಕೈ ತೆಗೆದಳು. ದಿನವೂ ಸಂಜೆ ಆರಕ್ಕೆ ಪರದೆಯ ತುಂಬ ಕೊಳ್ಳುವವರು, ಮಾರುವವರು ಮುಗಿಬೀಳುತ್ತಿದ್ದರು. ಇವತ್ತು ಸಂತೆ ನೆರೆಯುವ ಮೊದಲೇ ಚೀಲ ಹಿಡಿದು ಹೋದಂತಾಗಿತ್ತು. ಇದ್ದ ನಾಲ್ಕು ಜನ ಬಾಯಿಗೆ ಬಂದ ಬೆಲೆ ಹೇಳುತ್ತಿದ್ದರು.

ದಲ್ಲಾಳಿ ಕಚೇರಿಯಲ್ಲಿ ಕೂತು ಅವಳು ಒಂದು ಬಸ್ ಕಂಪನಿಗಾಗಿ, ಲಾಟಿಗೆ ನೂರು ಪೀಪಾಯಿಯಂತೆ, ನಲವತ್ತು ಲಾಟು ಕೊಳ್ಳಬೇಕಿತ್ತು. ಮುಂದೆ ಡೀಸೆಲ್ ದುಬಾರಿಯಾದರೂ ಏಟು ಬೀಳದಿರಲಿ ಎಂದು ಕಂಪನಿಯ ಒಡತಿ ಮುಂದಿನ ತಿಂಗಳುಗಳ ತೈಲಕ್ಕೆ ಈಗಲೇ ಕರಾರು ಮಾಡಿಕೊಳ್ಳುತ್ತಿದ್ದರು.

ಜನ ಯಾಕಿಲ್ಲ ಎಂಬುದು ಆಗ ಹೊಳೆಯಿತು. ಸಮುದ್ರದಾಚೆಯ ದೊಡ್ಡ ಪೇಟೆಯವರು ಚಳಿಗಾಲಕ್ಕೆಂದು ನಿನ್ನೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ಇನ್ನು ಅವರು ಕೆಲಸಕ್ಕೆ ಕೂರುವುದು ಇಲ್ಲಿಯ ಏಳಕ್ಕೆ. ಆರು ವರ್ಷದ ಹಿಂದೆ ಹೊಸಬರಿಗೆ ಇದನ್ನೇ ಬಾಯಿಪಾಠ ಮಾಡಿಸುತ್ತಿದ್ದವಳು ಅವಳು! ಹಾಸಿಗೆ ಹಿಡಿದ ಅತ್ತೆಯ ಸೇವೆಗೆಂದು ಕೆಲಸ ಬಿಟ್ಟವಳು ಮರಳಿ ಬಂದದ್ದು ಮೂರು ತಿಂಗಳ ಪರೀಕ್ಷೆಯ ಮೇಲೆ. ಆ ಪರೀಕ್ಷೆ ಇವತ್ತಿಗೆ ಮುಗಿಯುತ್ತಿತ್ತು. ನಾಳೆ ಕುರ್ಚಿ ಉಂಟೋ ಇಲ್ಲವೋ.

ಪೇಟೆಗೇ ಹುಚ್ಚು ಹಿಡಿದಿತ್ತು ಎಂದುಬಿಟ್ಟರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ತೈಲಪೇಟೆಯ ಮೇಲೆ ಹೊರಿಸುವಷ್ಟು ತಪ್ಪನ್ನು ಸೊಸೆಯ ಮೇಲೂ ಯಾರೂ ಹೊರಿಸುವುದಿಲ್ಲ. ಅವಳಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಎದ್ದು ಮುಖ್ಯಸ್ಥರ ಮೇಜಿಗೆ ಹೋದಳು. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಅವರನ್ನು ಕಚೇರಿಯವರೆಲ್ಲ ಎದುರಿಗೇ ದೊಡ್ಡಪ್ಪ ಎನ್ನುತ್ತಿದ್ದರು.

"ದೊಡ್ಡಪ್ಪ, ಗಡಿಯಾರ ಬದಲಾಗಿದ್ದು ಮರೆತೇಬಿಟ್ಟೆ. ಒಂದು ಗಂಟೆ ಮೊದಲೇ ಕೈ ಹಾಕ್ಬಿಟ್ಟೆ. ಐದು ಲಾಟು ದುಬಾರಿಗೆ ಬಂತು."

"ಐದಕ್ಕೇ ನಿಲ್ಲಿಸಿದ್ಯಾ?"

"ಹೂಂ."

"ಆ ಬಸ್ಸಿನಮ್ಮನಿಗೆ ಯಾರು ಹೇಳೋದು?"

"ನಾನೇ ಹೇಳ್ತೀನಿ."

ಫೋನಿನಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ.

"ಅಲ್ಲಮ್ಮಾ, ಖಾಲಿ ಸ್ಟಾಪಲ್ಲಿ ಹಾರ್ನ್ ಹೊಡೆದ್ರೆ ಯಾರು ಹತ್ತುತ್ತಾರೆ?" ಎಂದರು ಒಡತಿ. "ಹೋಗ್ಲಿ, ಆಗಿದ್ದಾಯ್ತು. ಉಳಿದಿದ್ದನ್ನ ನೋಡ್ಕೊಂಡು ತಗೋ. ನೀನೇ ತಗೋ, ಇನ್ನೊಬ್ರ ಕೈಗೆ ಕೊಡ್ಬೇಡ."

ಏಳಾಯಿತು. ಪರದೆಯ ಎರಡೂ ಬದಿಗಳಲ್ಲಿ ಅಂಕಿಗಳು ತುಂಬತೊಡಗಿದವು. ಬೆಲೆ ಮೆಲ್ಲಗೆ ಇಳಿದು ಒಂದು ಕಡೆ ನಿಂತಿತು. ಅವಳು ಎರಡು ಲಾಟು ಕೊಂಡಳು. ಬೆಲೆ ಮಿಸುಕಲಿಲ್ಲ. ಇನ್ನೆರಡು ಕೊಂಡಳು. ಆಗಲೂ ಇಲ್ಲ. ಅಳು ಬರುವಷ್ಟು ಮನಸ್ಸು ಹಗುರಾಯಿತು.

ದೊಡ್ಡಪ್ಪ ಚೀಲವನ್ನು ಹೆಗಲಿಗೇರಿಸಿಕೊಂಡು ಬಂದರು. ಪರೀಕ್ಷೆಯ ಮಾತೆತ್ತಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಕಚೇರಿಯ ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟರು.

"ಮುಗಿಸಿ, ಬಾಗಿಲು ಹಾಕ್ಕೊಂಡು ಹೋಗು. ನಾಳೆ ನಾನು ಬರೋದು ತಡ. ಬೆಳಿಗ್ಗೆ ನೀನೇ ತೆಗೀಬೇಕು."

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೂಂಗುಟ್ಟಿದಳು. ಬಲಗೈ ಇನ್ನೆರಡು ಲಾಟು ಕೊಂಡಿತು. ಎಡಗೈ ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.