ನಾಲ್ಕನೇ ಮೇಜಿನ ಸಹಿ

ಕೆಂಪು ಟೋಪಿಯವರ ಹುಚ್ಚು ಹಿಡಿದರೆ ಅದಕ್ಕೆ ಮದ್ದಿಲ್ಲ, ನೋಡಿ. ಜ್ವರವಾದರೆ ಮೂರು ದಿನಕ್ಕೆ ಇಳಿಯುತ್ತದೆ. ಮೆಣಸಿಗೆ ಇದು ಹಿಡಿದು ಆರು ವರ್ಷವಾಗಿತ್ತು. ಹದಿನೇಳರ ಹುಡುಗಿ. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿತ್ತು. ಆದರೆ ಗಾತ್ರ ಚಿಕ್ಕದು, ಬಾಯಿ ಖಾರ ಎಂದು ಅಜ್ಜಿ ಇಟ್ಟ ಹೆಸರೇ ಬೀದಿಗೆಲ್ಲ ನಿಂತುಬಿಟ್ಟಿತ್ತು. ಊರಿನ ಅಂಚಿಗೆ ಸೈನ್ಯದ ನೆಲೆ, ಅದರಾಚೆ ಹುಲ್ಲಿನ ದೊಡ್ಡ ಬಯಲು. ವಿಮಾನದಿಂದ ಹಾರುವ ಪಡೆಯವರು ಆ ಬಯಲಿನಲ್ಲಿ ಇಳಿಯುತ್ತಿದ್ದರು. ಸಾವಿರ ಜನ ಸೇರಲು ಬಂದರೆ ಅರವತ್ತು ಜನ ಉಳಿಯುವ ಪಡೆ ಅದು. ಹಾಗೆ ಉಳಿದವರ ತಲೆಗೆ ಮಾತ್ರ ಕೆಂಪು ಟೋಪಿ.

ಬೆಳಗ್ಗೆ ಐದೂವರೆಗೆ ಅವರು ಬೆನ್ನಿಗೆ ಹೊರೆ ಕಟ್ಟಿಕೊಂಡು ಮೆಣಸಿನ ಮನೆಯ ಮುಂದೆ ಓಡಿ ಹೋಗುತ್ತಿದ್ದರು. ನಲವತ್ತು ಜೋಡಿ ಬೂಟು, ಸದ್ದು ಮಾತ್ರ ಒಂದೇ. ಯಾರೂ ಮಾತಾಡುತ್ತಿರಲಿಲ್ಲ, ಯಾರೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಒಬ್ಬ ಮುಗ್ಗರಿಸಿದರೆ ಪಕ್ಕದವನು ಓಟ ನಿಲ್ಲಿಸದೆಯೇ ಅವನ ಹೊರೆಯ ಪಟ್ಟಿ ಹಿಡಿದೆತ್ತಿ, ಮತ್ತೆ ತನ್ನ ಜಾಗಕ್ಕೆ ಸೇರಿಕೊಳ್ಳುತ್ತಿದ್ದ. ಮೆಣಸು ರಸ್ತೆಯ ಈಚೆ ಬದಿಯಲ್ಲಿ, ಶಾಲೆಯ ಚೀಲಕ್ಕೆ ಇಟ್ಟಿಗೆ ತುಂಬಿಕೊಂಡು, ಅವರ ಜೊತೆಗೆ ಓಡುತ್ತಿದ್ದಳು. ಮೊದಲ ವರ್ಷ ಮೂಲೆಯಂಗಡಿಯವರೆಗೆ. ಈಗ ಸೇತುವೆ ದಾಟಿ, ನೆಲೆಯ ಗೇಟಿನವರೆಗೆ.

ಒಂದು ದಿನ ಅವರಿಗೆ ತರಬೇತಿ ಕೊಡುವ ಉಸ್ತಾದ ಅವಳ ಕಡೆಗೆ ಮುಖ ಕೂಡ ತಿರುಗಿಸದೆ ಕೇಳಿದ್ದ, “ಚೀಲದಲ್ಲಿ ಏನಿದೆ?”

“ಇಟ್ಟಿಗೆ ಸರ್. ಎಂಟು.”

“ಬೆನ್ನಿಗೆ ಟವೆಲ್ ಇಟ್ಕೋ. ಚರ್ಮ ಕಿತ್ಕೊಂಡು ಬರತ್ತೆ.”

ಅಷ್ಟೇ ಮಾತು. ಆ ಒಂದು ಟವೆಲ್ಲಿನ ಮಾತಿನ ಮೇಲೆ ಹುಡುಗಿ ಮೂರು ವಾರ ನೆಲ ಬಿಟ್ಟು ಅರ್ಧ ಅಡಿ ಮೇಲೆಯೇ ನಡೆದಳು. ಮನೆಯಲ್ಲಿದ್ದ ಟವೆಲ್‌ಗಳೆಲ್ಲ ಇಟ್ಟಿಗೆ ಪುಡಿಯಿಂದ ಕೆಂಪಾದವು. ಅಜ್ಜಿ ಮುಖ ಒರೆಸಿಕೊಂಡು ಕನ್ನಡಿ ನೋಡಿ, “ಅಯ್ಯೋ ನನ್ನ ಕರ್ಮವೇ, ಈ ವಯಸ್ಸಿಗೆ ಕೆನ್ನೆಗೆ ರಂಗು ಬಂತಲ್ಲೇ!” ಎಂದು ಕಿರುಚಿದಳು. ಮೆಣಸು ಮಂಚ ಬಿಟ್ಟು ನೆಲದ ಮೇಲೆ ಮಲಗಲು ಶುರುಮಾಡಿದಾಗಲೂ ಅಜ್ಜಿಯದ್ದು ಒಂದು ಮಾತು ಇದ್ದೇ ಇತ್ತು. “ಮಂಚ ಇದ್ದೂ ನೆಲದ ಮೇಲೆ ಬಿದ್ಕೊಳೋರು ಇಬ್ಬರೇ. ಒಬ್ಬ ಸನ್ಯಾಸಿ, ಇನ್ನೊಬ್ಬ ಕುಡುಕ. ನೀನ್ಯಾವ ಪೈಕಿ?”

ಆ ವರ್ಷ ಅರ್ಜಿ ಕರೆದರು. ಮೆಣಸು ಮೊದಲ ದಿನವೇ ಹೋಗಿ ಫಾರಂ ತಂದಳು. ಹದಿನೆಂಟು ತುಂಬದವರಿಗೆ ತಂದೆ ತಾಯಿ ಇಬ್ಬರ ಸಹಿಯೂ ಬೇಕಿತ್ತು. ಅಪ್ಪ ಲಾರಿ ಡ್ರೈವರ್. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದ. ಅವನು ಲಾರಿಯ ಬಾನೆಟ್ಟಿನ ಮೇಲೆ ಫಾರಂ ಇಟ್ಟು ಸಹಿ ಹಾಕಿ, “ನಂದಾಯ್ತು. ನಿಮ್ಮಮ್ಮನ ಹತ್ರ ಹಾಕಿಸ್ಕೊಳೋದು ನಿನ್ನ ತಾಕತ್ತು” ಎಂದು ಜಾಗ ಖಾಲಿ ಮಾಡಿದ. ಅಮ್ಮ ಮಾತ್ರ ಹಾಕಲಿಲ್ಲ. ಬೈಯಲಿಲ್ಲ, ಬೇಡ ಎನ್ನಲೂ ಇಲ್ಲ. “ನೋಡಣ” ಎಂದು ಫಾರಂ ತೆಗೆದು ಫ್ರಿಜ್ಜಿನ ಮೇಲಿಟ್ಟಳು. ಹತ್ತೊಂಬತ್ತು ದಿನ ಅದು ಅಲ್ಲೇ ಇತ್ತು. ಅರ್ಜಿ ಕೊಡಲು ಕೊನೆಯ ದಿನ ಶುಕ್ರವಾರ.

ಈ ಅಮ್ಮ ಎಂಬುವವಳು ಕೆಲಸ ಮಾಡುತ್ತಿದ್ದುದು ಅದೇ ನೆಲೆಯ ಛತ್ರಿ ಶೆಡ್ಡಿನಲ್ಲಿ. ಪ್ಯಾರಾಚೂಟಿಗೆ ಊರಿನವರೆಲ್ಲ ಛತ್ರಿ ಎಂದೇ ಹೇಳುತ್ತಿದ್ದರು. ಉದ್ದನೆಯ ಆರು ಮೇಜು, ಮೇಜಿಗೊಬ್ಬರು ಮಡಚುವವರು. ಹಾರಿ ಬಂದ ಛತ್ರಿಯನ್ನು ಹರವಿ, ಹಗ್ಗಗಳನ್ನು ಬಿಡಿಸಿ, ಮಡಿಕೆ ಮೇಲೆ ಮಡಿಕೆ ಹಾಕಿ ಚೀಲಕ್ಕೆ ತುಂಬಿ, ಅದರ ಚೀಟಿಯ ಮೇಲೆ ಮೇಜಿನ ನಂಬರು, ಗಂಟೆ ಬರೆದು ಸಹಿ ಹಾಕುವುದು. ಹನ್ನೊಂದು ವರ್ಷದಿಂದ ನಾಲ್ಕನೇ ಮೇಜು ಅಮ್ಮನದು. ಶಾಲೆಯಲ್ಲಿ ಯಾರಾದರೂ ಕೇಳಿದರೆ ಮೆಣಸು, “ಸೈನ್ಯದಲ್ಲಿ ಬಟ್ಟೆ ಮಡಚ್ತಾರೆ” ಎಂದು ಹೇಳಿ ಮಾತು ಬದಲಾಯಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಬುಧವಾರ ಬೆಳಗ್ಗೆ ಮೆಣಸಿನ ತಾಳ್ಮೆಯ ಕಟ್ಟೆಯೊಡೆಯಿತು. ಅಮ್ಮ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು.

“ಇನ್ನು ಎರಡೇ ದಿನ ಇರೋದು. ಯಾಕಮ್ಮ ಸೈನ್ ಹಾಕಲ್ಲ? ಹೆದರಿಕೆನಾ?”

“ನೋಡಣ ಅಂದ್ನಲ್ಲ.”

“ಏನ್ ನೋಡ್ತೀಯ? ನೀನು ನೆಲದ ಮೇಲೆ ನಿಂತ್ಕೊಂಡು ಬಟ್ಟೆ ಮಡಚೋಳು. ಮೇಲಿಂದ ಹಾರೋರ ವಿಷಯ ನಿನಗೇನು ಗೊತ್ತು?”

ಅಜ್ಜಿ ಗದರಿದಳು. ಅಮ್ಮ ಗದರಲಿಲ್ಲ. ಮುಚ್ಚಳ ಒತ್ತಿ, ಡಬ್ಬಿಯನ್ನು ಚೀಲಕ್ಕೆ ಹಾಕಿ, “ಇವತ್ತು ಸ್ಟಾಕ್ ಲೆಕ್ಕ ಇದೆ, ತಡ ಆಗತ್ತೆ” ಎಂದಷ್ಟೇ ಹೇಳಿ ಹೊರಟುಬಿಟ್ಟಳು.

ಆಡಿದ ಮಾತು ಒಡೆದ ಮುತ್ತು. ಶಾಲೆಯಲ್ಲಿ ಮೂರು ಪೀರಿಯಡ್ ಮೆಣಸಿಗೆ ಏನೂ ತಲೆಗೆ ಹೋಗಲಿಲ್ಲ. ತಪ್ಪಾಯಿತು ಎಂದು ಹೇಳಬೇಕು, ಹಾಗೆಯೇ ಸಹಿಯನ್ನೂ ಕೇಳಬೇಕು. ಎರಡನ್ನೂ ಒಟ್ಟಿಗೆ ಹೇಗೆ ಮಾಡುವುದು ಎಂದು ದಾರಿಯುದ್ದ ಲೆಕ್ಕ ಹಾಕಿಕೊಂಡು ಮಧ್ಯಾಹ್ನ ಫಾರಂ ಹಿಡಿದು ನೆಲೆಯ ಗೇಟಿಗೆ ಬಂದಳು. ಗೇಟಿನವನಿಗೆ ಅವಳ ಪರಿಚಯವಿತ್ತು.

“ಅಮ್ಮ ಇದಾರಾ?”

“ಇದಾರೆ. ಮೇಲಿದಾರೆ.”

“ಮೇಲೆ ಅಂದ್ರೆ? ಶೆಡ್ಡಿಗೆ ಮಹಡಿ ಎಲ್ಲಿದೆ?”

“ಮಹಡಿ ಅಲ್ಲಮ್ಮ, ವಿಮಾನದಲ್ಲಿ. ಇವತ್ತು ಅವರ ಸರದಿ ಅಲ್ವಾ?” ಎಂದವನೇ ಹುಡುಗಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. “ಮನೇಲಿ ಹೇಳಿಲ್ವಾ? ಕೆಟ್ಟೆ. ನಾನು ಹೇಳ್ದೆ ಅನ್ಬೇಡ ತಾಯಿ.”

ಹೇಳಿದ್ದಾಯಿತಲ್ಲ, ಇನ್ನೇನು ಮುಚ್ಚಿಡುವುದು! ಅವನು ಎಲ್ಲವನ್ನೂ ಹೇಳಿದ. ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಮೂರು ತಿಂಗಳಿಗೊಮ್ಮೆ ಪ್ರತಿ ಮೇಜಿನವರೂ ತಾವು ಮಡಚಿದ ಛತ್ರಿ ಕಟ್ಟಿಕೊಂಡು ತಾವೇ ಹಾರಬೇಕು. ಅದೂ ತಮಗೆ ಬೇಕಾದ್ದನ್ನು ಆರಿಸಿಕೊಂಡಲ್ಲ. ಅವರು ಮಡಚಿಟ್ಟ ರಾಶಿಯಿಂದ ಸಾಹೇಬರು ಕೈಗೆ ಸಿಕ್ಕಿದ ಒಂದನ್ನು ಎತ್ತಿ ಕೊಡುತ್ತಾರೆ. ಹಾರಲು ಒಲ್ಲೆ ಎಂದವರಿಗೆ ಮರುದಿನ ಮೇಜಿಲ್ಲ. “ಯಾವುದನ್ನ ಎತ್ತಿ ಕೊಡ್ತಾರೋ ಗೊತ್ತಿಲ್ದೇ ಇರೋದ್ರಿಂದ ಎಲ್ಲಾನೂ ಸರಿಯಾಗೇ ಮಡಚ್ತಾರೆ. ನಿಮ್ಮಮ್ಮಂದು ಇದು ನಲವತ್ನಾಲ್ಕನೇದು” ಎಂದ.

ಪ್ರತಿ ಮೂರು ತಿಂಗಳಿಗೊಮ್ಮೆ ಅಮ್ಮ ಹೇಳುತ್ತಿದ್ದ ಸ್ಟಾಕ್ ಲೆಕ್ಕ ಇದಾಗಿತ್ತು. ಮೆಣಸು ಬೇಲಿಯ ತಂತಿ ಹಿಡಿದುಕೊಂಡಳು.

ವಿಮಾನ ಬಯಲಿನ ಮೇಲೆ ಬಂತು. ಆರು ಚುಕ್ಕೆಗಳು ಒಂದರ ಹಿಂದೊಂದು ಉದುರಿದವು. ಇದೇ ಬೇಲಿಯ ಹಿಂದೆ ನಿಂತು ಅವಳು ಇಂಥ ಚುಕ್ಕೆಗಳನ್ನು ನೂರಾರು ಸಲ ನೋಡಿದ್ದಳು, ಪ್ರತಿ ಸಲವೂ ಚಪ್ಪಾಳೆ ಹೊಡೆದಿದ್ದಳು. ಅವುಗಳಲ್ಲಿ ಒಂದು ತನ್ನ ಊಟದ ಡಬ್ಬಿಗೂ ಮುಚ್ಚಳ ಹಾಕುವ ಅಮ್ಮನಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಕೈ ಮೇಲೇಳಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದಳು. ನಾಲ್ಕಕ್ಕೆ ಛತ್ರಿಗಳು ಅರಳಿದವು. ಆರೂ ಅರಳಿದವು. ಅವಳು ಉಸಿರು ಬಿಟ್ಟಳು.

ಆಗ ಅವಳ ಕಣ್ಣಿಗೆ ಬಿದ್ದದ್ದು ಬಯಲಿನ ಅಂಚು. ಕೆಂಪು ಟೋಪಿಯವರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದರು. ಯಾರೂ ಕಾಲು ಸಡಿಲ ಬಿಟ್ಟಿರಲಿಲ್ಲ. “ಮೇಜಿನವರು ಹಾರೋ ದಿನ ಇವರು ಊಟಕ್ಕೂ ಹೋಗಲ್ಲ” ಎಂದ ಗೇಟಿನವನು. “ಕೊನೆಯವರು ನೆಲಕ್ಕೆ ಇಳಿಯೋವರೆಗೂ ಹೀಗೇ ನಿಂತಿರ್ತಾರೆ. ಯಾರ ಆರ್ಡರೂ ಇಲ್ಲ.” ಅಮ್ಮ ಇಳಿದಳು. ಎರಡು ಕಾಲು ಜೋಡಿಸಿ, ಪಕ್ಕಕ್ಕೆ ಉರುಳಿ, ತಟ್ಟನೆ ಎದ್ದು ಛತ್ರಿ ಸುತ್ತತೊಡಗಿದಳು. ಟವೆಲ್ಲಿನ ಮಾತಾಡಿದ್ದ ಅದೇ ಉಸ್ತಾದ ಓಡಿ ಹೋಗಿ ಅವಳ ಬೆನ್ನಿನ ಪಟ್ಟಿ ಬಿಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಸೆಲ್ಯೂಟ್ ಹೊಡೆದ. ಹೆಮ್ಮೆ ಎಷ್ಟಿತ್ತೋ ನಾಚಿಕೆಯೂ ಅಷ್ಟೇ ಇತ್ತು, ಎರಡೂ ಸೇರಿ ಮೆಣಸು ಗೇಟಿನವನ ಮುಂದೆಯೇ ಅತ್ತುಬಿಟ್ಟಳು.

ಅವನು ಅವಳನ್ನು ಒಳಗೆ ಬಿಟ್ಟ. ಶೆಡ್ಡಿನಲ್ಲಿ ಅಮ್ಮ ಮಗಳನ್ನು ನೋಡಿ, ಅವಳ ಕೆಂಪು ಕಣ್ಣು ನೋಡಿ, “ಆ ಗೇಟಿನವನ ಬಾಯಿಗೆ ಬೀಗ ಹಾಕ್ಬೇಕು” ಎಂದಳು. “ಅಜ್ಜಿಗೆ ಹೇಳಬೇಡ. ಹೇಳಿದ್ರೆ ಪ್ರತಿ ಸಲ ವಿಮಾನದ ಚಕ್ರದ ಕೆಳಗೆ ಬಂದು ಮಲಗ್ತಾಳೆ.”

“ತಪ್ಪಾಯ್ತಮ್ಮ.”

“ಆಯ್ತು ಬಿಡು.”

“ಇಷ್ಟೆಲ್ಲ ಗೊತ್ತಿರೋಳು ನಂಗ್ಯಾಕೆ ಸೈನ್ ಹಾಕ್ತಿಲ್ಲ?”

ಅಮ್ಮ ಮೇಜಿನ ಮೇಲೆ ಛತ್ರಿ ಹರವುತ್ತಲೇ ಇದ್ದಳು. “ಇಲ್ಲಿ ಇನ್ನೊಂದು ಕಟ್ಟಳೆ ಇದೆ. ಸ್ವಂತ ರಕ್ತದವರ ಛತ್ರಿ ಮಡಚೋ ಹಾಗಿಲ್ಲ. ಮಡಚೋರ ಕೈ ನಡುಗತ್ತೆ ಅಂತ. ನೀನು ಸೇರಿದ್ರೆ ನಿಂದನ್ನ ಉಳಿದ ಐದು ಮೇಜಿನವರಲ್ಲಿ ಯಾರೋ ಒಬ್ಬರು ಮಡಚ್ತಾರೆ. ಒಳ್ಳೆ ಕೈ ಕಣೇ ಎಲ್ಲರದ್ದೂ. ಹನ್ನೊಂದು ವರ್ಷ ನೋಡಿದೀನಿ, ಒಂದು ತಪ್ಪಿಲ್ಲ. ಆದ್ರೂ ನಿನ್ನ ವಿಷಯಕ್ಕೆ ಬಂದ್ರೆ ಒಬ್ಬರ ಮೇಲೂ ನಂಬಿಕೆ ಬರ್ತಿಲ್ಲ. ಹತ್ತೊಂಬತ್ತು ದಿನದಿಂದ ಒಬ್ಬೊಬ್ಬರ ಕೈಯನ್ನೂ ಕದ್ದು ನೋಡ್ತಿದೀನಿ. ಛೀ, ನಾಚಿಕೆ ಆಗತ್ತೆ.”

ಅಮ್ಮ ಹೆದರಿದ್ದನ್ನು ಮೆಣಸು ಯಾವತ್ತೂ ನೋಡಿರಲಿಲ್ಲ. ಅವಳು ಹೊರಗೆ ಊಟಕ್ಕೆ ಸಾಲು ನಿಂತಿದ್ದ ಕೆಂಪು ಟೋಪಿಗಳ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, “ಅವರ ಅಮ್ಮಂದಿರಿಗೆ ನಿನ್ನ ಕೈ ಗೊತ್ತಾ?”

ಅಮ್ಮನ ಕೈ ನಿಂತಿತು.

“ಬಾಯಿ ಜಾಸ್ತಿಯಾಯ್ತು ನಿಂದು” ಎಂದಳು. ಆದರೆ ಸ್ವರದಲ್ಲಿ ಸಿಟ್ಟಿರಲಿಲ್ಲ. ಬಹಳ ಹೊತ್ತು ಆ ಸಾಲನ್ನೇ ನೋಡಿದಳು. ಬಳಿಕ ಕಣ್ಣೊರೆಸಿಕೊಂಡು, “ಕೊಡು ಇಲ್ಲಿ” ಎಂದು ಫಾರಂ ಕಿತ್ತುಕೊಂಡು, ಜೇಬಿನ ಪೆನ್ನು ತೆಗೆದು, ಒಂದೇ ಉಸಿರಿಗೆ ಬರೆದು ಮಗಳ ಕೈಗೆ ತುರುಕಿದಳು.

ಮೆಣಸು ಓದಿದಳು. ತಾಯಿಯ ಸಹಿ ಎಂಬ ಜಾಗದಲ್ಲಿ ಸಹಿಯೇನೋ ಇತ್ತು. ಅದರ ಪಕ್ಕದಲ್ಲಿ, ಹನ್ನೊಂದು ವರ್ಷದ ಅಭ್ಯಾಸಬಲದಿಂದ, ಅಮ್ಮ ಇನ್ನೂ ಒಂದು ಸಾಲು ಬರೆದಿದ್ದಳು: ಮೇಜು ನಾಲ್ಕು, ಗಂಟೆ ಎರಡೂ ಹತ್ತು, ಎಲ್ಲ ಮಡಿಕೆ ಸರಿಯಿದೆ.

“ಅಯ್ಯೋ ಅಮ್ಮ! ಬೇರೆ ಏನಾದ್ರೂ ಬರೆದ್ರೆ ಫಾರಂ ವಾಪಸ್ ಅಂತ ಕೆಳಗೆ ಹಾಕಿದಾರೆ!”

ಅಮ್ಮ ಓದಿ ತಲೆ ತಲೆ ಚಚ್ಚಿಕೊಂಡಳು. ಬೇರೆ ಫಾರಂ ಸಿಗುವಂತಿರಲಿಲ್ಲ. ಒಬ್ಬರಿಗೆ ಒಂದೇ, ಅದೂ ನಂಬರು ಹಾಕಿದ್ದು. ಸಿಕ್ಕಿದರೂ ಅದಕ್ಕೆ ಮತ್ತೆ ಸಹಿ ಹಾಕಬೇಕಾದ ಅಪ್ಪ ಅಷ್ಟು ಹೊತ್ತಿಗೆ ಎರಡು ದಿನದ ದಾರಿಯಾಚೆ ಇದ್ದ.

ಶುಕ್ರವಾರ ಇಬ್ಬರೂ ಅರ್ಜಿ ತೆಗೆದುಕೊಳ್ಳುವ ಭರ್ತಿ ಕಚೇರಿಗೆ ಹೋದರು. ಅಮ್ಮ ರಜೆ ಹಾಕಿದ್ದಳು, ಆದರೆ ಒಳಗೆ ಬರಲು ಒಪ್ಪಲಿಲ್ಲ. “ನಾನು ಬಂದ್ರೆ ಅವನ ಜೊತೆ ಜಗಳ ಆಡ್ತೀನಿ. ನೀನೇ ಹೋಗು” ಎಂದು ಹೊರಗಿನ ಮೆಟ್ಟಿಲ ಹತ್ತಿರ ನಿಂತಳು. ಒಳಗೆ ಕಿಟಕಿಯ ಹಿಂದೆ ಕೂತ ಗುಮಾಸ್ತ ನಿವೃತ್ತ ಸೈನಿಕ. ಮಂಡಿ ಬಗ್ಗದ ಒಂದು ಕಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡಿದ್ದ. ಮೆಣಸಿನ ಮುಂದಿದ್ದ ಇಬ್ಬರ ಅರ್ಜಿಯನ್ನು, ಒಬ್ಬನದು ಹಸಿರು ಶಾಯಿಗೆ, ಇನ್ನೊಬ್ಬನದು ಒಂದು ತಿದ್ದುಪಡಿಗೆ, ಮುಖ ನೋಡದೆ ವಾಪಸ್ ಕೊಟ್ಟಿದ್ದ.

ಅವನು ಫಾರಂ ತಿರುವಿದ. ಸಹಿಯ ಜಾಗಕ್ಕೆ ಬಂದಾಗ ಬೆರಳು ನಿಂತಿತು.

“ಇದೇನಿದು?”

“ತಪ್ಪಾಗಿ ಬಂದಿದೆ ಸರ್. ನಮ್ಮಮ್ಮ ಛತ್ರಿ ಶೆಡ್ಡಲ್ಲಿ ಮಡಚ್ತಾರೆ. ದಿನಾ ಬರೆದೂ ಬರೆದೂ ಕೈ ತಾನಾಗೇ...” ಅವಳು ತಡೆದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಹೇಳಿದಳು, “ನಲವತ್ನಾಲ್ಕು ಸಲ ಹಾರಿದಾರೆ ಸರ್.”

“ಹಾರಿಯೇ ಇರ್ತಾರೆ.” ಅವನು ಕನ್ನಡಕ ಏರಿಸಿಕೊಂಡು, ಆ ಸಾಲನ್ನು ಮತ್ತೆ ಓದಿದ. “ನಾನೂ ಹಾರಿದೀನಮ್ಮ. ಚೀಟಿ ಮೇಲೆ ಈ ಸಾಲು ಇಲ್ದೆ ಯಾವ ಛತ್ರೀನೂ ಶೆಡ್ಡಿಂದ ಆಚೆ ಬರಲ್ಲ. ಇದರ ಕೆಳಗೆ ನೋಡಿದವರ ಸಹಿ ಅಂತ ಇನ್ನೊಂದು ಇರತ್ತೆ. ಅದಿಲ್ದೇ ಇದ್ರೆ ತಪ್ಪು.” ಎಂದವನೇ ಪೆನ್ನು ತೆಗೆದು ಆ ಸಾಲಿನ ಕೆಳಗೆ ತನ್ನ ಸಹಿ ಹಾಕಿ, ಗಂಟೆ ನೋಡಿ ಬರೆದು, ಅದರ ಮೇಲೆ ಠಸ್ಸೆ ಒತ್ತಿದ. “ಸೋಮವಾರ ಬೆಳಗ್ಗೆ ಐದಕ್ಕೆ ಓಟ. ಒಂದು ನಿಮಿಷ ತಡ ಆದ್ರೂ ವಾಪಸ್. ಮುಂದಿನವರು!”

ಮೆಣಸು ಹಾರಿಕೊಂಡೇ ಹೊರಗೆ ಬಂದಳು. ಅಮ್ಮ ನಿಂತಿರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡಿದ್ದಳು.

“ತಗೊಂಡ್ರಮ್ಮ! ತಗೊಂಡ್ರು! ಸೋಮವಾರ ಓಟ!”

“ಒಳ್ಳೇದಾಯ್ತು” ಎಂದಳು ಅಮ್ಮ. ಮುಖದಲ್ಲಿ ನಗುವಿತ್ತು, ಏಳಲು ಮಾತ್ರ ಆಗಲಿಲ್ಲ. “ಒಂದು ನಿಮಿಷ ಇರು. ಕಾಲಲ್ಲಿ ಶಕ್ತಿನೇ ಇಲ್ಲ ಕಣೇ.”

ಮೆಣಸು ಪಕ್ಕದಲ್ಲಿ ಕೂತು ಅಮ್ಮನ ಕೈ ಹಿಡಿದುಕೊಂಡಳು. “ನಲವತ್ನಾಲ್ಕು ಸಲ ವಿಮಾನದ ಬಾಗಿಲಲ್ಲಿ ನಿಂತೋಳು ನೀನು. ಅಲ್ಲಿ ಹೀಗಾಗಲ್ವಾ?”

“ಅಲ್ಲಿ ಯಾಕಾಗತ್ತೆ?” ಎಂದಳು ಅಮ್ಮ. “ಅಲ್ಲಿ ಹಾರೋಳು ನಾನಲ್ವಾ.”