ಗಾಳಿಗೂ ಸೊನ್ನೆ

ನಮ್ಮ ಕಾರ್ಖಾನೆಯಲ್ಲಿ ಆಮ್ಲಜನಕ ಅಳೆಯುವ ಯಂತ್ರದ ಸೆನ್ಸರ್‌ನಷ್ಟು ನಖರಾ ಯಾರಿಗೂ ಇರಲಿಲ್ಲ. ಅದಕ್ಕೆ ಬಿಸಿ ಹೆಚ್ಚಾಗಬಾರದು, ಒತ್ತಡ ಏರಬಾರದು, ಮುಖ್ಯವಾಗಿ ಹೊರಗಿನ ಗಾಳಿ ತಾಕಬಾರದು. ಲವಲೇಶ ಆಮ್ಲಜನಕ ಹುಡುಕುವ ಈ ಮಹಾರಾಣಿಗೆ ಒಮ್ಮೆ ಗಾಳಿ ಬಡಿದರೆ ಇಡೀ ದಿನ ಕೆಲಸಕ್ಕೆ ಬಾರಳು. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದೆವು.

ಅವತ್ತು ದ್ರಾವಕದ ಟ್ಯಾಂಕಿನ ಬಿರುಕಿಗೆ ವೆಲ್ಡಿಂಗ್ ಆಗಬೇಕಿತ್ತು. ವೆಲ್ಡರ್ ನನ್ನ ಸ್ವಂತ ಅಣ್ಣ. ಟ್ಯಾಂಕ್ ಖಾಲಿಯಾದರೂ ಒಳಗೆ ಆವಿ ಉಳಿದಿರುತ್ತದೆ. ಜೊತೆಗೆ ಆಮ್ಲಜನಕವೂ ಇದ್ದರೆ ಒಂದು ಕಿಡಿ ಸಾಕು. ಅದಕ್ಕೇ ನೈಟ್ರೋಜನ್ ತುಂಬಿ, ನಾನು ಯಂತ್ರ ನೋಡಿ ಹೂಂ ಅಂದಮೇಲೇ ಅವನು ಕೆಲಸ ಶುರು ಮಾಡಬೇಕು. ಅಂಕಿ ಸರಸರನೆ ಇಳಿದು ಸೊನ್ನೆಗೆ ನಿಂತಿತು. ನಾನು ಕೈ ಎತ್ತಿದೆ. ಅಣ್ಣ ಏಣಿ ಹತ್ತಿದ.

ಆಗ ಸ್ಟೋರಿನವನು ಬಂದ.

"ಅಕ್ಕಾ, ನೈಟ್ರೋಜನ್ ಮುಗಿದಿತ್ತು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಾಕಿಸ್ದೆ. ಬೆಂಕಿ ಆರ್ಸೋದು ತಾನೆ, ಯಾವ್ದಾದ್ರೇನು."

ನಮ್ಮ ಸೆನ್ಸರ್‌ನ ಒಳಗಿರುವುದು ಕ್ಷಾರ. ಆ ಅನಿಲ ಹೊಕ್ಕರೆ ಕ್ಷಾರ ಕೆಟ್ಟು ಸೆನ್ಸರ್ ಸಾಯುತ್ತದೆ. ಟ್ಯಾಂಕಿನಲ್ಲಿ ಆಮ್ಲಜನಕ ಎಷ್ಟೇ ಉಳಿದಿರಲಿ, ಸತ್ತ ಸೆನ್ಸರ್ ತೋರಿಸುವುದೂ ಸೊನ್ನೆಯನ್ನೇ.

ಮೇಲೆ ಅಣ್ಣ ಮುಖವಾಡ ಇಳಿಸುತ್ತಿದ್ದ. ಕೂಗಿದ್ದರೂ ಪಂಪುಗಳ ಗದ್ದಲದಲ್ಲಿ ಕೇಳುತ್ತಿರಲಿಲ್ಲ. ಗೋಡೆಯ ಮೇಲಿದ್ದ ವೆಲ್ಡಿಂಗ್ ಕರೆಂಟಿನ ಸ್ವಿಚ್ಚಿನ ಕಡೆ ಓಡಿದೆ. ಕಾಲು ಎಡವಿತು, ಮೊಣಕಾಲು ತರಚಿತು. ಅತ್ತಿಗೆಗೆ ಯಾವ ಮುಖ ತೋರಿಸಲಿ ಎನ್ನುವುದೊಂದೇ ತಲೆಯಲ್ಲಿತ್ತು. ಸ್ವಿಚ್ ಎಳೆದು ಕಣ್ಣು ಮುಚ್ಚಿ ನಿಂತೆ. ಕಿವಿ ಮಾತ್ರ ಸದ್ದಿಗೆ ಕಾಯುತ್ತಿತ್ತು.

"ಯಾರೋ ಅದು ಕರೆಂಟ್ ತೆಗ್ದಿದ್ದು?"

ಅಣ್ಣನ ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ಅವನು ದಡದಡನೆ ಇಳಿದು ಬಂದು ಯಂತ್ರದ ಕಡೆ ಬೆರಳು ತೋರಿಸಿದ.

"ಸೊನ್ನೆ ಇದ್ಯಲ್ಲೇ. ಇನ್ನೇನ್ ಬೇಕಿತ್ತು ನಿಂಗೆ?"

ಯಾರೂ ಮಾಡಬಾರದ್ದನ್ನು ಮಾಡಿದೆ. ಟ್ಯಾಂಕಿನಿಂದ ಬರುವ ನಳಿಕೆ ಕಿತ್ತು, ಸೆನ್ಸರ್‌ಗೆ ನಾವು ಉಸಿರಾಡುತ್ತಿದ್ದ ಗಾಳಿಯನ್ನೇ ಬಿಟ್ಟೆ. ಜೀವ ಇದ್ದಿದ್ದರೆ ಅಂಕಿ ಚಂಗನೆ ಮೇಲೇರಬೇಕಿತ್ತು.

ಅಲುಗಲಿಲ್ಲ. ಸೊನ್ನೆಯೇ.

ಅಣ್ಣ ಅದನ್ನೇ ನೋಡುತ್ತ ಮೆಲ್ಲಗೆ ನೆಲದ ಮೇಲೆ ಕುಳಿತ. ಸ್ಟೋರಿನವನು ನೀರು ತಂದು ಕೊಟ್ಟ. ಅಣ್ಣ ಲೋಟ ಹಿಡಿದನೇ ಹೊರತು ಕುಡಿಯಲಿಲ್ಲ.

"ಬಿರುಕಿಗೆ ರಾಡ್ ತಾಗ್ಸಿದ್ದೆ ಕಣೇ," ಅಂದ. "ಕಿಡಿ ಬರ್ಲಿಲ್ವಲ್ಲ ಅಂತ ಬೈಕೊಂಡು, ಇನ್ನೊಂದ್ಸಲ ತಾಗ್ಸಿದೆ."